ದೀಪಾಲಂಕಾರ ನಿಯಂತ್ರಕ ಬೋರ್ಡ್: ಸ್ವಯಂ ಜೋಡಣೆ ಮತ್ತು ದೋಷಪತ್ತೆ

ದೀಪಾಲಂಕಾರ ನಿಯಂತ್ರಕ ಬೋರ್ಡ್ ಎಂದರೆ ಹಲವು ದೀಪಸರಗಳನ್ನು ಬೇರೆಬೇರೆಯಾಗಿ ಹೊತ್ತಿಸುವ, ಆರಿಸುವ, ಮಂದಗೊಳಿಸುವ ಎಲೆಕ್ಟ್ರಾನಿಕ್ ಮಂಡಲ. ಹಬ್ಬದಲ್ಲಿ ಮನೆಯ ಮುಂದೆ ಇಳಿಬಿಡುವ ಸೀರಿಯಲ್ ಸೆಟ್ ಇರಲಿ, ರಂಗಸ್ಥಳದ ದೀಪವಿರಲಿ, ಸ್ವತಂತ್ರವಾಗಿ ನಡೆಸಬಹುದಾದ ಒಂದೊಂದು ಗುಂಪಿಗೂ ಚಾನೆಲ್ ಎಂದು ಹೆಸರು. ಯಾವ ಚಾನೆಲ್ ಯಾವ ಕ್ಷಣದಲ್ಲಿ ಎಷ್ಟು ಬೆಳಗಬೇಕು ಎಂಬ ಸೂಚನೆ ಕಂಪ್ಯೂಟರಿನಿಂದ ಬರುತ್ತದೆ. ಅದನ್ನು ಓದಿ ವಿದ್ಯುತ್ತನ್ನು ಹದವಾಗಿ ಹರಿಸುವುದು ಬೋರ್ಡಿನ ಕೆಲಸ. ಇಂಥ ಬೋರ್ಡುಗಳನ್ನು ಸಿದ್ಧವಾಗಿ ಕೊಳ್ಳಬಹುದು. ಬರಿಯ ಮುದ್ರಿತ ಫಲಕ ಮತ್ತು ಬಿಡಿಭಾಗಗಳನ್ನು ತಂದು ಮನೆಯಲ್ಲೇ ಬೆಸುಗೆ ಹಾಕಿ ಜೋಡಿಸುವ ಹವ್ಯಾಸವೂ ಅಮೆರಿಕ, ಆಸ್ಟ್ರೇಲಿಯಾ ಮೊದಲಾದ ದೇಶಗಳಲ್ಲಿ ಬೆಳೆದಿದೆ. ಮನೆಯಲ್ಲಿ ಜೋಡಿಸಿದ ಬೋರ್ಡನ್ನು ರಿಪೇರಿ ಮಾಡುವುದು ಸುಲಭವೋ ಕಷ್ಟವೋ ಎಂಬುದು ಬಹುಮಟ್ಟಿಗೆ ಅದನ್ನು ಜೋಡಿಸಿದ ಕ್ರಮದಿಂದಲೇ ತೀರ್ಮಾನವಾಗುತ್ತದೆ.

ಹಿನ್ನೆಲೆ

1882ರಲ್ಲಿ ಥಾಮಸ್ ಎಡಿಸನ್ನನ ಸಹವರ್ತಿ ಎಡ್ವರ್ಡ್ ಜಾನ್ಸನ್ ನ್ಯೂಯಾರ್ಕಿನ ತನ್ನ ಮನೆಯ ಕ್ರಿಸ್‌ಮಸ್ ಮರಕ್ಕೆ ಕೆಂಪು, ಬಿಳಿ, ನೀಲಿ ಬಣ್ಣದ 80 ವಿದ್ಯುತ್ ಬಲ್ಬುಗಳನ್ನು ಕಟ್ಟಿದ. ಮರ ವಿದ್ಯುತ್ತಿನಿಂದ ತಿರುಗುತ್ತಿತ್ತು. ತಿರುಗಿದಂತೆ ಸಂಪರ್ಕಗಳು ಬದಲಾಗಿ ಬಣ್ಣದ ಗುಂಪುಗಳು ಸರದಿಯಲ್ಲಿ ಹೊತ್ತಿ ಆರುತ್ತಿದ್ದವು. ತಿರುಗುವ ಉರುಳೆಯ ಮೇಲಿನ ತಾಮ್ರದ ಪಟ್ಟಿಗಳು ಸಂಪರ್ಕ ಕೂಡಿಸಿ ಬಿಡಿಸುವ ಈ ಬಗೆಯ ಯಾಂತ್ರಿಕ ಉಪಾಯ ಮುಂದೆಯೂ ಬಹುಕಾಲ ಬಳಕೆಯಲ್ಲಿತ್ತು.

ಚಲಿಸುವ ಭಾಗಗಳಿಲ್ಲದ ನಿಯಂತ್ರಣ ಸಾಧ್ಯವಾದದ್ದು ಅರೆವಾಹಕಗಳಿಂದ. 1957ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ ಥೈರಿಸ್ಟರನ್ನು ಹೊರತಂದಿತು. ಎರಡೂ ದಿಕ್ಕಿನ ಪ್ರವಾಹವನ್ನು ನಿಯಂತ್ರಿಸಬಲ್ಲ ಟ್ರಯಾಕ್ 1960ರ ದಶಕದಲ್ಲಿ ಬಂತು. ಮನೆಯ ಸ್ವಿಚ್ ಪೆಟ್ಟಿಗೆಯಲ್ಲೇ ಕೂರುವಷ್ಟು ಸಣ್ಣ ಡಿಮ್ಮರ್ ರೂಪಿಸಿದ ಜೋಯೆಲ್ ಸ್ಪೈರಾ 1961ರಲ್ಲಿ ಲುಟ್ರಾನ್ ಕಂಪನಿಯನ್ನು ಸ್ಥಾಪಿಸಿದ. ಬೇರೆಬೇರೆ ತಯಾರಕರ ರಂಗದೀಪ ಉಪಕರಣಗಳು ಒಂದೇ ಭಾಷೆಯಲ್ಲಿ ವ್ಯವಹರಿಸಲೆಂದು ಅಮೆರಿಕದ ರಂಗತಂತ್ರಜ್ಞಾನ ಸಂಸ್ಥೆ 1986ರಲ್ಲಿ ಡಿಎಂಎಕ್ಸ್512 ಎಂಬ ಸಂವಹನ ಮಾನಕವನ್ನು ರೂಪಿಸಿತು. ಒಂದು ಜೊತೆ ತಂತಿಯಲ್ಲಿ 512 ಚಾನೆಲ್‌ಗಳ ಸೂಚನೆಯನ್ನು ಸೆಕೆಂಡಿಗೆ 2,50,000 ಬಿಟ್‌ಗಳ ವೇಗದಲ್ಲಿ ಕಳಿಸುವ ಈ ಮಾನಕ ಇಂದಿಗೂ ಬಳಕೆಯಲ್ಲಿದೆ.

ಹವ್ಯಾಸಿಗಳು ಮೊದಲು ಬಳಸಿಕೊಂಡದ್ದು ಕಂಪ್ಯೂಟರಿನ ಪ್ರಿಂಟರ್ ಪೋರ್ಟನ್ನು. ಅದರ ಎಂಟು ದತ್ತಾಂಶ ತಂತಿಗಳು ಎಂಟು ಚಾನೆಲ್‌ಗಳಾದವು. ಅಗ್ಗದ ಮೈಕ್ರೋಕಂಟ್ರೋಲರುಗಳು ಸಿಗತೊಡಗಿದ ಮೇಲೆ ಬೋರ್ಡಿಗೆ ತನ್ನದೇ ಬುದ್ಧಿ ಬಂತು. ಅಮೆರಿಕದ ಒಹಾಯೋ ರಾಜ್ಯದ ಮೇಸನ್ ಊರಿನ ಕಾರ್ಸನ್ ವಿಲಿಯಮ್ಸ್ ಸುಮಾರು 16,000 ದೀಪಗಳನ್ನು 88 ಚಾನೆಲ್‌ಗಳಲ್ಲಿ ಸಂಗೀತಕ್ಕೆ ಹೊಂದಿಸಿ ಕುಣಿಸಿದ ವಿಡಿಯೋ 2005ರಲ್ಲಿ ಲೋಕವೆಲ್ಲ ಹರಡಿ ಈ ಹವ್ಯಾಸಕ್ಕೆ ದೊಡ್ಡ ಪ್ರಚಾರ ತಂದಿತು. ಆತ ಬಳಸಿದ್ದು ಮಾರುಕಟ್ಟೆಯ ಸಿದ್ಧ ನಿಯಂತ್ರಕಗಳನ್ನು. ಅಷ್ಟು ಹಣ ಹಾಕಲಾರದವರು, ಕೈಯಾರೆ ಮಾಡುವ ಆಸೆಯುಳ್ಳವರು ಎಲ್ಲರಿಗೂ ತೆರೆದಿಟ್ಟ ವಿನ್ಯಾಸಗಳತ್ತ ತಿರುಗಿದರು. ಅವುಗಳಲ್ಲಿ ಹೆಸರಾದದ್ದು ರೆನಾರ್ಡ್.

ಭಾರತದಲ್ಲಿ ಹವ್ಯಾಸಿಗಳಿಗೆ ಹೆಚ್ಚು ಪರಿಚಿತವಾದದ್ದು 555 ಟೈಮರ್ ಮತ್ತು 4017 ಎಣಿಕೆಯ ಐಸಿ ಬಳಸುವ ‘ರನ್ನಿಂಗ್ ಲೈಟ್’ ಮಂಡಲ. ಇದರಲ್ಲಿ ದೀಪಗಳು ನಿಗದಿತ ಸರದಿಯಲ್ಲಿ ಓಡುತ್ತವೆಯೇ ಹೊರತು ಸಂಗೀತಕ್ಕೆ ತಕ್ಕಂತೆ ಬದಲಾಗುವುದಿಲ್ಲ, ಮಂದವಾಗುವುದೂ ಇಲ್ಲ. ಕರ್ನಾಟಕದ ಹವ್ಯಾಸಿಗಳಿಗೆ ಇಂಥ ಬಿಡಿಭಾಗಗಳೆಲ್ಲ ಸಿಗುವ ಪ್ರಸಿದ್ಧ ಸ್ಥಳ ಬೆಂಗಳೂರಿನ ಎಸ್.ಪಿ. ರಸ್ತೆ.

ಮಂದಗೊಳಿಸುವ ತತ್ತ್ವ

ಭಾರತದ ಮನೆವಿದ್ಯುತ್ತು (ಮೇನ್ಸ್) 230 ವೋಲ್ಟ್, 50 ಹರ್ಟ್ಸ್‌ನ ಪರ್ಯಾಯ ಪ್ರವಾಹ. ಅದರ ವೋಲ್ಟೇಜು ಸೆಕೆಂಡಿಗೆ 100 ಸಲ ಸೊನ್ನೆಯನ್ನು ದಾಟುತ್ತದೆ; ಎರಡು ಸೊನ್ನೆಗಳ ನಡುವಿನ ಅರ್ಧಾವರ್ತ 10 ಮಿಲಿಸೆಕೆಂಡ್. ಅಮೆರಿಕದ 60 ಹರ್ಟ್ಸ್‌ನಲ್ಲಿ ಇದು 8.33 ಮಿಲಿಸೆಕೆಂಡ್. ಟ್ರಯಾಕಿನ ಗೇಟಿಗೆ ಸಣ್ಣ ಪ್ರವಾಹ ಕೊಟ್ಟರೆ ಅದು ತೆರೆದುಕೊಳ್ಳುತ್ತದೆ. ಪ್ರವಾಹ ಸೊನ್ನೆಯ ಹತ್ತಿರ ಇಳಿದಾಗ ತಾನಾಗಿ ಮುಚ್ಚಿಕೊಳ್ಳುತ್ತದೆ. ಪ್ರತಿ ಅರ್ಧಾವರ್ತದಲ್ಲೂ ಅದನ್ನು ಎಷ್ಟು ತಡವಾಗಿ ತೆರೆಯುತ್ತೇವೋ ದೀಪ ಅಷ್ಟು ಮಂದ. ಇದಕ್ಕೆ ಫೇಸ್ ನಿಯಂತ್ರಣ ಎಂದು ಹೆಸರು.

ತಡಕ್ಕೂ ಶಕ್ತಿಗೂ ನೇರ ಅನುಪಾತವಿಲ್ಲ. 50 ಹರ್ಟ್ಸ್‌ನಲ್ಲಿ 2.5 ಮಿಲಿಸೆಕೆಂಡ್ ತಡಮಾಡಿದರೂ ಬಲ್ಬಿಗೆ ಸುಮಾರು 91 ಶೇಕಡ ಶಕ್ತಿ ಸಿಗುತ್ತದೆ. 5 ಮಿಲಿಸೆಕೆಂಡಿಗೆ ಅರ್ಧ, 7.5 ಮಿಲಿಸೆಕೆಂಡಿಗೆ ಕೇವಲ 9 ಶೇಕಡ. ಆದ್ದರಿಂದ ಕಂಪ್ಯೂಟರ್ ಕಳಿಸುವ 0ಯಿಂದ 255ರವರೆಗಿನ ಅಂಕಿಯನ್ನು ನೇರವಾಗಿ ತಡವನ್ನಾಗಿ ಬದಲಿಸಿದರೆ ಬೆಳಕು ಸಮವಾಗಿ ಏರದು. ನಡುಭಾಗದಲ್ಲಿ ಧುಮ್ಮಿಕ್ಕಿ ಎರಡು ತುದಿಗಳಲ್ಲಿ ನಿಂತಂತೆ ಕಾಣುತ್ತದೆ. ಇದನ್ನು ಸರಿದೂಗಿಸುವ ಕೋಷ್ಟಕವನ್ನು ಪ್ರೋಗ್ರಾಮಿನಲ್ಲೇ ಅಳವಡಿಸುವುದು ರೂಢಿ.

ತಡವನ್ನು ಎಣಿಸಲು ಆರಂಭದ ಗುರುತು ಬೇಕು. ವೋಲ್ಟೇಜು ಸೊನ್ನೆ ದಾಟುವ ಕ್ಷಣವನ್ನು ಹಿಡಿದುಕೊಡುವ ಶೂನ್ಯದಾಟು ಮಂಡಲ ಆ ಗುರುತನ್ನು ಕೊಡುತ್ತದೆ. ಅದು ಕೆಟ್ಟರೆ ಎಲ್ಲ ಚಾನೆಲ್‌ಗಳೂ ಒಟ್ಟಿಗೆ ಹಾದಿ ತಪ್ಪುತ್ತವೆ.

ರೆನಾರ್ಡ್ ವಿನ್ಯಾಸ

ರೆನಾರ್ಡ್ ಬೋರ್ಡಿನ ಹೃದಯ ಮೈಕ್ರೋಚಿಪ್ ಕಂಪನಿಯ ಪಿಐಸಿ16ಎಫ್688 ಎಂಬ 14 ಕಾಲಿನ ಮೈಕ್ರೋಕಂಟ್ರೋಲರ್. ಅದರಲ್ಲಿ ವಿದ್ಯುತ್ ಪೂರೈಕೆಯ ಎರಡು ಕಾಲುಗಳನ್ನು ಕಳೆದರೆ ಉಳಿಯುವುದು ಹನ್ನೆರಡು. ದತ್ತಾಂಶ ಒಳಬರಲು ಒಂದು, ಹೊರಹೋಗಲು ಒಂದು, ಶೂನ್ಯದಾಟು ಗುರುತಿಗೆ ಒಂದು, ಗಡಿಯಾರ ಸಂಕೇತಕ್ಕೆ ಒಂದು. ಉಳಿದ ಎಂಟು ಕಾಲುಗಳೇ ಎಂಟು ಚಾನೆಲ್‌ಗಳು. ಹೀಗಾಗಿ ಈ ಕುಟುಂಬದ ಬೋರ್ಡುಗಳೆಲ್ಲ 8, 16, 24, 64 ಎಂದು ಎಂಟರ ಗುಣಕಗಳಲ್ಲೇ ಇವೆ. 24 ಚಾನೆಲ್ ಬೋರ್ಡಿನಲ್ಲಿ ಮೂರು ಪಿಐಸಿಗಳಿರುತ್ತವೆ.

ಈ ಪಿಐಸಿಗಳಿಗೆ ವಿಳಾಸಗಳನ್ನು ಹೊಂದಿಸಬೇಕಿಲ್ಲ. ಕಂಪ್ಯೂಟರ್ ಕಳಿಸುವ ಸಂದೇಶದ ಮೊದಲಿಗೆ 7ಇ ಎಂಬ ಆರಂಭದ ಬೈಟು, ಅನಂತರ 80 ಎಂಬ ಬೈಟು (ಎರಡೂ ಹದಿನಾರರ ಎಣಿಕೆಯಲ್ಲಿ), ಬಳಿಕ ಸಾಲಾಗಿ ಚಾನೆಲ್‌ಗಳ ಬೆಲೆಗಳು ಬರುತ್ತವೆ. ಮೊದಲ ಪಿಐಸಿ ಮೊದಲ ಎಂಟು ಬೆಲೆಗಳನ್ನು ತಾನಿಟ್ಟುಕೊಂಡು ಉಳಿದದ್ದನ್ನು ಮುಂದಿನದಕ್ಕೆ ದಾಟಿಸುತ್ತದೆ. ಅದು ಮತ್ತೆಂಟನ್ನು ಇಟ್ಟುಕೊಂಡು ಮುಂದೂಡುತ್ತದೆ. ಪಂಕ್ತಿಯಲ್ಲಿ ಕೂತವರು ತಮ್ಮ ಪಾಲು ಬಡಿಸಿಕೊಂಡು ಪಾತ್ರೆಯನ್ನು ಪಕ್ಕದವರಿಗೆ ದಾಟಿಸಿದ ಹಾಗೆ. ಈ ಏರ್ಪಾಡಿನಿಂದ ಜೋಡಣೆ ಸರಳವಾಗುತ್ತದೆ. ಆದರೆ ನಡುವೆ ಒಂದು ಪಿಐಸಿ ನಿಂತರೆ ಅದರ ಮುಂದಿನವಕ್ಕೆ ಏನೂ ತಲುಪುವುದಿಲ್ಲ.

ಬೋರ್ಡಿನಲ್ಲಿ ಬಳಸುವ ಗಡಿಯಾರದ ಆವರ್ತನ 18.432 ಮೆಗಾಹರ್ಟ್ಸ್. ಸಂವಹನದ ಸಾಮಾನ್ಯ ವೇಗ ಸೆಕೆಂಡಿಗೆ 57,600 ಬಿಟ್. ಪಿಐಸಿ ಒಂದೊಂದು ಬಿಟ್ಟಿಗೆ 16ರ ಗುಣಕದಲ್ಲಿ ಗಡಿಯಾರದ ಮಿಡಿತಗಳನ್ನು ಎಣಿಸುತ್ತದೆ. 57,600ರ 16 ಪಟ್ಟು 9,21,600, ಅದರ 20 ಪಟ್ಟು ಸರಿಯಾಗಿ 18.432 ಮೆಗಾ. ಶೇಷವಿಲ್ಲದ ಈ ಲೆಕ್ಕಕ್ಕಾಗಿಯೇ ವಿಚಿತ್ರವಾಗಿ ತೋರುವ ಆ ಅಂಕಿ. ಅಂಗಡಿಯಲ್ಲಿ ಸಿಗಲಿಲ್ಲವೆಂದು 20 ಮೆಗಾಹರ್ಟ್ಸ್‌ನದನ್ನು ಹಾಕಿದರೆ ಅದೇ ಪ್ರೋಗ್ರಾಮಿನಲ್ಲಿ ವೇಗ 62,500ಕ್ಕೆ ಜಿಗಿದು, ಎಂಟು ಶೇಕಡಕ್ಕೂ ಮೀರಿದ ತಪ್ಪಿನಿಂದ ಒಂದು ಬೈಟೂ ಸರಿಯಾಗಿ ಓದಲಾಗದು.

ಒಂದು ಬೈಟಿಗೆ ಆರಂಭ ಮತ್ತು ಅಂತ್ಯದ ಬಿಟ್ ಸೇರಿ ಹತ್ತು ಬಿಟ್ ಬೇಕು. 57,600ರ ವೇಗದಲ್ಲಿ 50 ಮಿಲಿಸೆಕೆಂಡಿನೊಳಗೆ 288 ಬೈಟು ಸಾಗುತ್ತದೆ. ಮೊದಲ ಎರಡನ್ನು ಕಳೆದರೆ ಒಂದು ಸಾಲಿನಲ್ಲಿ ಹೆಚ್ಚೆಂದರೆ 286 ಚಾನೆಲ್. ವೇಗದ ಹಾಡಿಗೆ 25 ಮಿಲಿಸೆಕೆಂಡಿನ ಬದಲಾವಣೆ ಬೇಕೆಂದರೆ ಸಂಖ್ಯೆ ಅರ್ಧಕ್ಕಿಳಿಯುತ್ತದೆ. ಈ ಮಿತಿಯನ್ನು ಮೀರಿ ಚಾನೆಲ್ ಸೇರಿಸಿದಾಗ ಕಾಣುವ ತಡವರಿಕೆಗೆ ಬೆಸುಗೆಯ ದೋಷ ಕಾರಣವಲ್ಲ.

ಬೋರ್ಡಿನ ನಾಲ್ಕು ವಿಭಾಗಗಳು

ಯಾವ ವಿನ್ಯಾಸವೇ ಆಗಲಿ, ಬೋರ್ಡನ್ನು ನಾಲ್ಕು ವಿಭಾಗಗಳಾಗಿ ನೋಡಬಹುದು.

ಮೊದಲನೆಯದು ವಿದ್ಯುತ್ ಪೂರೈಕೆ: ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್, ಬ್ರಿಡ್ಜ್ ರೆಕ್ಟಿಫೈಯರ್, ಫಿಲ್ಟರ್ ಕೆಪಾಸಿಟರ್ ಮತ್ತು 7805 ರೆಗ್ಯುಲೇಟರ್. 9 ವೋಲ್ಟಿನ ಟ್ರಾನ್ಸ್‌ಫಾರ್ಮರಿನಿಂದ ರೆಕ್ಟಿಫೈಯರಿನ ನಂತರ ಸುಮಾರು 11 ವೋಲ್ಟ್ ಡಿಸಿ ದೊರೆಯುತ್ತದೆ. ಅದನ್ನು 7805 ಸ್ಥಿರವಾದ 5 ವೋಲ್ಟಿಗೆ ಇಳಿಸಿ ಹೆಚ್ಚಿನದನ್ನು ಶಾಖವಾಗಿ ಬಿಡುತ್ತದೆ.

ಎರಡನೆಯದು ಸಂವಹನ. ಎಂಎಎಕ್ಸ್485 ಬಗೆಯ ಐಸಿ ಎರಡು ತಂತಿಗಳ ನಡುವಿನ ವೋಲ್ಟೇಜ್ ವ್ಯತ್ಯಾಸವನ್ನು ಓದುತ್ತದೆ. ಎರಡೂ ತಂತಿಗಳಿಗೆ ಸಮನಾಗಿ ಬಡಿಯುವ ಗದ್ದಲ ವ್ಯತ್ಯಾಸದಲ್ಲಿ ಅಳಿಸಿಹೋಗುವುದರಿಂದ ಅಂಗಳದುದ್ದಕ್ಕೂ ತಂತಿ ಎಳೆಯಬಹುದು. ಸಾಲಿನ ತುದಿಯಲ್ಲಿ ಸಂಕೇತ ಪ್ರತಿಫಲಿಸದಂತೆ 120 ಓಮ್‌ನ ರೆಸಿಸ್ಟರ್ ಹಾಕುತ್ತಾರೆ.

ಮೂರನೆಯದು ನಿಯಂತ್ರಣ: ಪಿಐಸಿಗಳು, ಗಡಿಯಾರ, ಶೂನ್ಯದಾಟು ಮಂಡಲ. ಎಚ್11ಎಎ1 ಎಂಬ ಆಪ್ಟೊಕಪ್ಲರಿನೊಳಗೆ ಎದುರುಬದುರಾಗಿ ಎರಡು ಎಲ್‌ಇಡಿಗಳಿದ್ದು, ಎರಡೂ ಅರ್ಧಾವರ್ತಗಳಲ್ಲಿ ಒಂದಲ್ಲ ಒಂದು ಬೆಳಗುತ್ತದೆ. ಸೊನ್ನೆ ದಾಟುವಾಗ ಮಾತ್ರ ಎರಡೂ ಆರುತ್ತವೆ.

ನಾಲ್ಕನೆಯದು ಮೇನ್ಸ್ ವಿಭಾಗ. ಪ್ರತಿ ಚಾನೆಲ್ಲಿಗೂ ಒಂದು ಆಪ್ಟೊಕಪ್ಲರ್, ಒಂದು ಟ್ರಯಾಕ್, ಕೆಲವು ರೆಸಿಸ್ಟರ್. ಆಪ್ಟೊಕಪ್ಲರಿನಲ್ಲಿ ಬೆಳಕಿನ ಮೂಲಕ ಮಾತ್ರ ಸೂಚನೆ ದಾಟುವುದರಿಂದ 5 ವೋಲ್ಟಿನ ಭಾಗಕ್ಕೂ ಮೇನ್ಸಿಗೂ ವಿದ್ಯುತ್ ಸಂಪರ್ಕವಿರುವುದಿಲ್ಲ. ಇಲ್ಲಿ ಐಸಿಯ ಆಯ್ಕೆ ಮುಖ್ಯ. ಎಂಒಸಿ3023, ಎಂಒಸಿ3052 ಮೊದಲಾದವು ಯಾವ ಕ್ಷಣದಲ್ಲಾದರೂ ಟ್ರಯಾಕನ್ನು ತೆರೆಯಬಲ್ಲವು. ಎಂಒಸಿ3041, ಎಂಒಸಿ3063 ಸೊನ್ನೆ ದಾಟುವ ಹೊತ್ತಿನಲ್ಲಷ್ಟೇ ತೆರೆಯುತ್ತವೆ. ಇವು ಹೊತ್ತಿಸಿ ಆರಿಸಲು ಚೆನ್ನ, ಮಂದಗೊಳಿಸಲು ಬರುವುದಿಲ್ಲ.

ಜೋಡಣೆ

ಕೆಲಸ ಆರಂಭಿಸುವ ಮೊದಲು ಬಿಡಿಭಾಗಗಳನ್ನು ಪಟ್ಟಿಯೊಡನೆ ತಾಳೆ ನೋಡಿ, ರೆಸಿಸ್ಟರುಗಳನ್ನು ಮಲ್ಟಿಮೀಟರಿನಲ್ಲಿ ಅಳೆದು ಬೇರ್ಪಡಿಸಬೇಕು. ಮಂದ ಬೆಳಕಿನಲ್ಲಿ ಕಂದು, ಕೆಂಪು, ಕಿತ್ತಳೆ ಪಟ್ಟಿಗಳು ಒಂದೇ ತರ ಕಾಣುತ್ತವೆ: ಕಂದು-ಕಪ್ಪು-ಕಿತ್ತಳೆಯ 10 ಕಿಲೋಓಮ್‌ಗೂ ಕಂದು-ಕಪ್ಪು-ಕೆಂಪಿನ 1 ಕಿಲೋಓಮ್‌ಗೂ ಒಂದು ಪಟ್ಟಿಯಷ್ಟೇ ವ್ಯತ್ಯಾಸ. ಬರಿಯ ಬೋರ್ಡಿನಲ್ಲಿ ತಾಮ್ರದ ಹಾದಿ ಎಲ್ಲಾದರೂ ಕಡಿದಿದೆಯೇ, 5 ವೋಲ್ಟ್ ಮತ್ತು ಗ್ರೌಂಡ್ ಹಾದಿಗಳು ಒಂದಕ್ಕೊಂದು ಅಂಟಿವೆಯೇ ಎಂದು ಆಗಲೇ ನೋಡಿಕೊಂಡರೆ ಮುಂದೆ ಅರ್ಧ ಅನುಮಾನ ಕಳೆಯುತ್ತದೆ.

ಎತ್ತರ ಕಡಿಮೆಯಿರುವ ಭಾಗಗಳನ್ನು ಮೊದಲು ಬೆಸೆಯುವುದು ಕ್ರಮ: ರೆಸಿಸ್ಟರ್, ಡಯೋಡ್, ಐಸಿ ಸಾಕೆಟ್, ಸಣ್ಣ ಕೆಪಾಸಿಟರ್, ಟ್ರಯಾಕ್, ದೊಡ್ಡ ಕೆಪಾಸಿಟರ್, ಟರ್ಮಿನಲ್, ಕೊನೆಗೆ ಟ್ರಾನ್ಸ್‌ಫಾರ್ಮರ್. ಎತ್ತರದ್ದನ್ನು ಮೊದಲು ಹಾಕಿದರೆ ಬೋರ್ಡನ್ನು ಮಗುಚಿಟ್ಟಾಗ ಸಣ್ಣ ಭಾಗಗಳು ಕೆಳಗೆ ಜಾರುತ್ತವೆ. ಐಸಿಗಳನ್ನು ನೇರವಾಗಿ ಬೆಸೆಯದೆ ಸಾಕೆಟ್ಟಿನಲ್ಲಿ ಕೂರಿಸುವುದರಿಂದ ಬೇಕಾದಾಗ ತೆಗೆದು ಪರೀಕ್ಷಿಸಲು, ಅದಲು ಬದಲು ಮಾಡಲು ಬರುತ್ತದೆ.

ದಿಕ್ಕು ತಪ್ಪಬಾರದ ಭಾಗಗಳ ಗುರುತುಗಳು ಹೀಗಿವೆ. ಡಯೋಡಿನ ಪಟ್ಟಿಯಿರುವ ತುದಿ ಕ್ಯಾಥೋಡ್. ಎಲೆಕ್ಟ್ರೊಲೈಟಿಕ್ ಕೆಪಾಸಿಟರಿನ ಮೈಮೇಲಿನ ಪಟ್ಟಿ ಋಣದ ಕಡೆ. ಎಲ್‌ಇಡಿಯ ಉದ್ದ ಕಾಲು ಧನ. ಅಂಚು ಚಪ್ಪಟೆಯಾಗಿರುವ ಕಡೆ ಋಣ. ಐಸಿಯ ಕಚ್ಚು ಅಥವಾ ಚುಕ್ಕೆಯ ಬಳಿ ಒಂದನೇ ಕಾಲು. ರೆಸಿಸ್ಟರ್ ನೆಟ್‌ವರ್ಕಿನಲ್ಲೂ ಚುಕ್ಕೆಯಿರುವ ಕಡೆಯೇ ಒಂದನೇ ಕಾಲು. ಟ್ರಯಾಕುಗಳಲ್ಲಿ ಬಿಟಿಎ ಎಂದು ಆರಂಭವಾಗುವವುಗಳ ಲೋಹದ ಬೆನ್ನು ಒಳಗಿನ ಭಾಗದಿಂದ ಬೇರ್ಪಟ್ಟಿರುತ್ತದೆ. ಬಿಟಿಬಿ ಸರಣಿಯಲ್ಲಿ ಬೆನ್ನಿಗೂ ಮೇನ್ಸ್ ಬರುತ್ತದೆ. ಎಂಟು ಟ್ರಯಾಕುಗಳನ್ನು ಒಂದೇ ಹೀಟ್‌ಸಿಂಕಿಗೆ ಬಿಗಿಯುವವರು ಈ ಒಂದು ಅಕ್ಷರವನ್ನು ಗಮನಿಸಲೇಬೇಕು. ಒಂದು ಆಂಪಿಯರ್ ಹರಿಸುವ ಟ್ರಯಾಕ್ ಸುಮಾರು ಒಂದು ವ್ಯಾಟ್ ಶಾಖವನ್ನಷ್ಟೇ ಹೊರಬಿಡುವುದರಿಂದ ಸಣ್ಣ ಸರಗಳಿಗೆ ಹೀಟ್‌ಸಿಂಕ್ ಅಗತ್ಯ ಬೀಳುವುದಿಲ್ಲ.

63 ಪಾಲು ತವರ, 37 ಪಾಲು ಸೀಸದ ಸೋಲ್ಡರ್ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಅದೇ ಉಷ್ಣತೆಯಲ್ಲಿ ಗಟ್ಟಿಯಾಗುತ್ತದೆ; ನಡುವೆ ಮುದ್ದೆಯ ಸ್ಥಿತಿ ಇಲ್ಲದ ಕಾರಣ ಹೊಸಬರಿಗೆ ಇದು ಅನುಕೂಲ. ಐರನ್ನಿನ ತುದಿ ಸುಮಾರು 320ರಿಂದ 370 ಡಿಗ್ರಿಯಲ್ಲಿರಲಿ. ತುದಿಯನ್ನು ತಾಮ್ರದ ಬಿಲ್ಲೆಗೂ ಭಾಗದ ಕಾಲಿಗೂ ಒಟ್ಟಿಗೆ ಒತ್ತಿ ಎರಡನ್ನೂ ಬಿಸಿ ಮಾಡಿ, ಸೋಲ್ಡರನ್ನು ಆ ಕೂಡುಜಾಗಕ್ಕೆ ಊಡಿಸಬೇಕು. ತುದಿಯ ಮೇಲೆ ಸೋಲ್ಡರ್ ಕರಗಿಸಿ ತಂದು ಬಳಿದರೆ ಅದು ತಣ್ಣನೆಯ ಲೋಹಕ್ಕೆ ಅಂಟುವುದಿಲ್ಲ. ಹೊರಗಿನಿಂದ ಬೆಸೆದಂತೆ ಕಂಡರೂ ಒಳಗೆ ಸಂಪರ್ಕವಿರುವುದಿಲ್ಲ. ರಿಪೇರಿ ಅಂಗಡಿಗಳಲ್ಲಿ ‘ಡ್ರೈ ಸೋಲ್ಡರ್’ ಎನ್ನುವುದು ಇದನ್ನೇ. ಒಳ್ಳೆಯ ಬೆಸುಗೆ ಕಾಲಿನ ಸುತ್ತ ಒಳಬಾಗಿದ ಇಳಿಜಾರಾಗಿ ಹರಡಿರುತ್ತದೆ. ಗುಂಡಗೆ ಉಬ್ಬಿ ನಿಂತದ್ದು ಸಂಶಯಾಸ್ಪದ. ಮೇನ್ಸ್ ಹರಿಯುವ ಅಗಲವಾದ ಹಾದಿಗಳು ಶಾಖವನ್ನು ಬೇಗ ಎಳೆದುಕೊಳ್ಳುವುದರಿಂದ ಅಲ್ಲಿ ಐರನ್ನನ್ನು ಒಂದೆರಡು ಸೆಕೆಂಡ್ ಹೆಚ್ಚು ಹಿಡಿಯಬೇಕು.

ಹಂತಹಂತದ ಪರೀಕ್ಷೆ

ಎಲ್ಲವನ್ನೂ ಬೆಸೆದು, ಎಲ್ಲ ಐಸಿಗಳನ್ನೂ ಕೂರಿಸಿ, ಒಮ್ಮೆಲೇ ಸ್ವಿಚ್ ಹಾಕಿದರೆ ಕೆಟ್ಟ ಬೋರ್ಡಿನ ಎಲ್ಲ ದೋಷಗಳೂ ಒಟ್ಟಿಗೆ ಎದುರಾಗುತ್ತವೆ. ಒಂದರ ತಪ್ಪು ಇನ್ನೊಂದನ್ನು ಸುಡುತ್ತದೆ. ವಿಭಾಗದಿಂದ ವಿಭಾಗಕ್ಕೆ ಪರೀಕ್ಷಿಸುತ್ತ ಹೋದರೆ ದೋಷ ಯಾವಾಗಲೂ ಹೊಸದಾಗಿ ಸೇರಿಸಿದ ಭಾಗದಲ್ಲಿರುತ್ತದೆ.

ಐಸಿಗಳಿಲ್ಲದೆ, ಮೇನ್ಸಿಗೆ ಕೂಡಿಸದೆ, 5 ವೋಲ್ಟ್ ಮತ್ತು ಗ್ರೌಂಡ್ ನಡುವೆ ಮಲ್ಟಿಮೀಟರ್ ಇಟ್ಟಾಗ ಕೆಪಾಸಿಟರ್ ತುಂಬುವವರೆಗೆ ಓಮ್ ಏರುತ್ತ ಹೋಗಬೇಕು. ಸೊನ್ನೆಯಲ್ಲೇ ನಿಂತರೆ ಎಲ್ಲೋ ಶಾರ್ಟ್ ಇದೆ. ಮೇನ್ಸ್ ಭಾಗಕ್ಕೂ ಗ್ರೌಂಡಿಗೂ ನಡುವೆ ಯಾವ ಸಂಪರ್ಕವೂ ತೋರಬಾರದು.

ಮೊದಲ ಸಲ ಮೇನ್ಸ್ ಕೊಡುವಾಗ ಎಲೆಕ್ಟ್ರಿಷಿಯನ್ನರ ಸೀರೀಸ್ ಬೋರ್ಡ್ ಬಹಳ ಉಪಯುಕ್ತ. ಫೇಸ್ ತಂತಿಯಲ್ಲಿ 60 ವ್ಯಾಟಿನ ತಂತುಬಲ್ಬು ಸರಣಿಯಲ್ಲಿರುತ್ತದೆ. ಬೋರ್ಡಿನಲ್ಲಿ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಬೆಳಗುತ್ತದೆ, ಬೋರ್ಡಿನ ಹಾದಿಗಳು ಸುಡುವುದಿಲ್ಲ. ಸರಿಯಿದ್ದರೆ ಬಲ್ಬು ಬೆಳಗುವುದೇ ಇಲ್ಲ ಎನ್ನಬಹುದು. ಈ ಹಂತದಲ್ಲಿ 7805ರ ಹೊರಗಾಲಿನಲ್ಲಿ 4.8ರಿಂದ 5.2 ವೋಲ್ಟ್ ಇರಬೇಕು. ಅದೇ ವೋಲ್ಟೇಜು ಪ್ರತಿ ಪಿಐಸಿ ಸಾಕೆಟ್ಟಿನ 1ನೇ ಮತ್ತು 14ನೇ ಕಾಲುಗಳ ನಡುವೆಯೂ ಸಿಗಬೇಕು.

ಮುಂದೆ ಮೇನ್ಸ್ ತೆಗೆದು ಆಪ್ಟೊಕಪ್ಲರುಗಳನ್ನು ಮಾತ್ರ ಕೂರಿಸಿ, ಚಾನೆಲ್ಲಿಗೆ ಒಂದು ಸಾದಾ ತಂತುಬಲ್ಬು ಕಟ್ಟಬೇಕು. ರೆನಾರ್ಡಿನಲ್ಲಿ ಪಿಐಸಿಯ ಕಾಲು ಗ್ರೌಂಡಿಗೆ ಇಳಿದಾಗ ಚಾನೆಲ್ ಹೊತ್ತುತ್ತದೆ. ಆದ್ದರಿಂದ ಖಾಲಿ ಸಾಕೆಟ್ಟಿನ ಆ ಕಾಲನ್ನು ತುಂಡು ತಂತಿಯಿಂದ ಗ್ರೌಂಡಿಗೆ ಮೊದಲೇ ಕೂಡಿಸಿ, ಕೈ ತೆಗೆದು, ಬಳಿಕ ಮೇನ್ಸ್ ಕೊಟ್ಟರೆ ಬಲ್ಬು ಪೂರ್ತಿ ಬೆಳಗಬೇಕು. ತಂತಿ ಇಲ್ಲದಿದ್ದಾಗ ಆರಿರಬೇಕು. ಎರಡೂ ಸರಿಯಿದ್ದರೆ ಆ ಚಾನೆಲ್ಲಿನ ಮೇನ್ಸ್ ವಿಭಾಗ ಸರಿಯಿದೆ ಎಂದರ್ಥ. ಪಿಐಸಿ, ಗಡಿಯಾರ ಮತ್ತು ಸಂವಹನ ಐಸಿಯನ್ನು ಕೂರಿಸುವುದು ಅದಾದ ಮೇಲೆಯೇ.

ದೋಷಪತ್ತೆ

ದೋಷ ಎಷ್ಟು ಚಾನೆಲ್‌ಗಳಲ್ಲಿ ಕಾಣುತ್ತಿದೆ ಎಂಬುದೇ ಮೊದಲ ಸುಳಿವು. ಒಂದರಲ್ಲಿದ್ದರೆ ಮೇನ್ಸ್ ವಿಭಾಗ, ಎಂಟರಲ್ಲಿದ್ದರೆ ಪಿಐಸಿ, ಎಲ್ಲದರಲ್ಲಿದ್ದರೆ ಪೂರೈಕೆ, ಸಂವಹನ ಅಥವಾ ಶೂನ್ಯದಾಟು.

ಒಂದು ಚಾನೆಲ್ ಮಾತ್ರ ಹೊತ್ತದು: ಆಪ್ಟೊಕಪ್ಲರನ್ನು ಪಕ್ಕದ ಚಾನೆಲ್ಲಿನದರೊಡನೆ ಅದಲು ಬದಲು ಮಾಡಬೇಕು. ದೋಷ ಐಸಿಯ ಜೊತೆಗೆ ಹೋದರೆ ಐಸಿಯದು, ಅಲ್ಲೇ ಉಳಿದರೆ ಟ್ರಯಾಕ್, ರೆಸಿಸ್ಟರ್ ಅಥವಾ ಬೆಸುಗೆಯದು.

ಕೆಲವು ಚಾನೆಲ್ ಹೊತ್ತುತ್ತವೆ, ಕೆಲವು ಮನಸ್ಸು ಬಂದಂತೆ: ಆಪ್ಟೊಕಪ್ಲರಿನ ಸಂಖ್ಯೆಯನ್ನು ನೋಡಬೇಕು. 680 ಓಮ್‌ನ ರೆಸಿಸ್ಟರಿನ ಮೂಲಕ 5 ವೋಲ್ಟಿನಿಂದ ಸಿಗುವುದು ಸುಮಾರು 5.6 ಮಿಲಿಆಂಪಿಯರ್. ಎಂಒಸಿ3023ಕ್ಕೆ 5 ಸಾಕು. ನೋಡಲು ಒಂದೇ ತರಹದ ಎಂಒಸಿ3021ಕ್ಕೆ 15ರವರೆಗೂ ಬೇಕಾಗಬಹುದು. ಅದರಲ್ಲಿ ಕೆಲವು ಕಡಿಮೆಯಲ್ಲೇ ತೆರೆದುಕೊಳ್ಳುತ್ತವೆ, ಕೆಲವು ತೆರೆಯುವುದಿಲ್ಲ.

ಒಂದು ಚಾನೆಲ್ ಆರುವುದೇ ಇಲ್ಲ: ಮೇನ್ಸ್ ತೆಗೆದು ಆಪ್ಟೊಕಪ್ಲರನ್ನು ಕಳಚಿ ನೋಡಬೇಕು. ಮತ್ತೆ ಮೇನ್ಸ್ ಕೊಟ್ಟಾಗಲೂ ಬಲ್ಬು ಬೆಳಗಿದರೆ ಟ್ರಯಾಕ್ ಶಾರ್ಟ್ ಆಗಿದೆ ಅಥವಾ ಅದರ ಕಾಲುಗಳ ನಡುವೆ ಸೋಲ್ಡರ್ ಸೇತುವೆಯಾಗಿದೆ. ತಂತುಬಲ್ಬು ಸುಡುವ ಕ್ಷಣದಲ್ಲಿ ಹರಿಯುವ ಭಾರಿ ಪ್ರವಾಹ ಟ್ರಯಾಕನ್ನು ಶಾರ್ಟ್ ಮಾಡುವುದುಂಟು.

ಮೊದಲ ಎಂಟು ಸರಿ, 9ರಿಂದ ಮುಂದೆ ನಿಶ್ಚಲ: ಸರಪಳಿ ಕಡಿದಿದೆ. ಮೊದಲ ಪಿಐಸಿಯ ಹೊರಗಾಲು, ಎರಡನೆಯದರ ಒಳಗಾಲು, ಅವುಗಳ ನಡುವಿನ ಹಾದಿ, ಎರಡನೇ ಪಿಐಸಿಗೆ ಗಡಿಯಾರ ತಲುಪುತ್ತಿದೆಯೇ ಎಂಬುದು, ಇಷ್ಟನ್ನೇ ನೋಡಿದರೆ ಸಾಕು. ಮೂರನೇ ಪಿಐಸಿಯನ್ನು ಅನುಮಾನಿಸಲು ಕಾರಣವಿಲ್ಲ. ಪ್ರೋಗ್ರಾಮ್ ತುಂಬದ ಖಾಲಿ ಪಿಐಸಿ ಕೂರಿಸಿದಾಗಲೂ ಇದೇ ಲಕ್ಷಣ.

ಯಾವ ಚಾನೆಲ್ಲೂ ಸೂಚನೆಗೆ ಸ್ಪಂದಿಸದು: ಸಂವಹನದ ಎರಡು ತಂತಿಗಳು ಅದಲು ಬದಲಾಗಿರುವುದು ಸಾಮಾನ್ಯ ಕಾರಣ. ಬದಲಿಸಿ ನೋಡಿದರೆ ಹಾನಿಯೇನಿಲ್ಲ. ನಂತರ ಕಂಪ್ಯೂಟರಿನಲ್ಲಿ ಆರಿಸಿದ ಪೋರ್ಟ್, ವೇಗ, ಸಂವಹನ ಕ್ರಮ ಪಿಐಸಿಯ ಪ್ರೋಗ್ರಾಮಿಗೆ ಹೊಂದುತ್ತವೆಯೇ ನೋಡಬೇಕು. ಡಿಎಂಎಕ್ಸ್ ಸೂಚನೆಯನ್ನು ರೆನಾರ್ಡ್ ಪ್ರೋಗ್ರಾಮ್ ಓದಲಾರದು. ವಿದ್ಯುತ್ ತೆಗೆದು ಎರಡು ತಂತಿಗಳ ನಡುವೆ ಅಳೆದಾಗ ಒಂದು ತುದಿಯಲ್ಲಿ ಮಾತ್ರ ರೆಸಿಸ್ಟರ್ ಇದ್ದರೆ ಸುಮಾರು 120 ಓಮ್, ಎರಡೂ ತುದಿಯಲ್ಲಿದ್ದರೆ 60. ಇನ್ನೂ ಕಡಿಮೆ ತೋರಿದರೆ ನಡುವಿನ ಬೋರ್ಡುಗಳಲ್ಲೂ ಆ ರೆಸಿಸ್ಟರ್ ಉಳಿದುಕೊಂಡಿದೆ.

ಎಲ್ಲವೂ ಮಿನುಗುತ್ತವೆ, ಮಂದವಾಗುವುದಿಲ್ಲ: ಶೂನ್ಯದಾಟು ಸಂಕೇತ ಪಿಐಸಿಗೆ ತಲುಪುತ್ತಿಲ್ಲ. ಎಚ್11ಎಎ1ರ ದಿಕ್ಕು, ಅದರ ಮುಂದಿನ ರೆಸಿಸ್ಟರುಗಳನ್ನು ನೋಡಬೇಕು. ಪೂರ್ತಿ ಹೊತ್ತುತ್ತವೆ, ಆರುತ್ತವೆ, ನಡುವಿನ ಮಟ್ಟ ಮಾತ್ರ ಬರುವುದಿಲ್ಲ ಎಂದರೆ ಎಂಒಸಿ3041ರಂಥ ಐಸಿ ಕೂತಿರಬಹುದು.

ಎಲ್‌ಇಡಿ ಸರಗಳ ತೊಂದರೆ: ಬೋರ್ಡು ನಿರ್ದೋಷವಾಗಿದ್ದರೂ ಎಲ್‌ಇಡಿ ಸರಗಳು ಮಿನುಗುವುದು, ಆರಿಸಿದ ಮೇಲೂ ಮಂಕಾಗಿ ಹೊಳೆಯುವುದು ಉಂಟು. ತೆರೆದ ಟ್ರಯಾಕ್ ತೆರೆದೇ ಇರಲು ಕನಿಷ್ಠ ಪ್ರವಾಹ ಬೇಕು. ಕೆಲವೇ ಮಿಲಿಆಂಪಿಯರ್ ಎಳೆಯುವ ಸರಕ್ಕೆ ಅದು ನಡುವೆಯೇ ಮುಚ್ಚುತ್ತದೆ. ಇನ್ನು ಟ್ರಯಾಕಿನ ರಕ್ಷಣೆಗೆ ಇಟ್ಟ 10 ನ್ಯಾನೊಫ್ಯಾರಡ್ ಕೆಪಾಸಿಟರಿನ ಮೂಲಕ 230 ವೋಲ್ಟಿನಲ್ಲಿ 0.7 ಮಿಲಿಆಂಪಿಯರ್ ಸೋರುತ್ತದೆ. ಎಲ್‌ಇಡಿ ಮಂಕಾಗಿ ಹೊಳೆಯಲು ಅಷ್ಟೇ ಸಾಕು. ಸರದ ಜೊತೆಗೆ ಸಮಾಂತರವಾಗಿ ಒಂದು ಸಣ್ಣ ತಂತುಬಲ್ಬು ಕಟ್ಟಿದರೆ ಎರಡೂ ತೊಂದರೆ ನೀಗುತ್ತದೆ. ಒಳಗೆ ಕೆಪಾಸಿಟರ್ ಅಥವಾ ಡ್ರೈವರ್ ಇರುವ ಸರಗಳನ್ನು ಈ ಬೋರ್ಡಿನಿಂದ ಮಂದಗೊಳಿಸದೆ ಹೊತ್ತಿಸಿ ಆರಿಸುವುದಕ್ಕಷ್ಟೇ ಬಳಸುವುದು ಕ್ಷೇಮ.

230 ವೋಲ್ಟಿಗೆ ಹೊಂದಿಸುವುದು ಮತ್ತು ಸುರಕ್ಷತೆ

ಹಲವು ವಿನ್ಯಾಸಗಳು ಅಮೆರಿಕದ 120 ವೋಲ್ಟಿಗಾಗಿ ರೂಪುಗೊಂಡವು. ಭಾರತದಲ್ಲಿ ಅವನ್ನು ಯಥಾವತ್ತಾಗಿ ಜೋಡಿಸಬಾರದು. 230 ವೋಲ್ಟಿನ ಶಿಖರ ಬೆಲೆ ಸುಮಾರು 325. ಎಂಒಸಿ3023ರ ತಾಳಿಕೆ 400 ವೋಲ್ಟ್ ಮಾತ್ರ. ಮೋಟಾರು, ಪಂಪು ನಿಂತಾಗ ಮೇನ್ಸಿನಲ್ಲಿ ಏಳುವ ಸಿಡಿತಗಳಿಗೆ ಅದು ಸಾಲದು. 600 ವೋಲ್ಟ್ ತಾಳುವ ಎಂಒಸಿ3052 ಅಥವಾ ಎಂಒಸಿ3053 ಉತ್ತಮ. ಮೊದಲನೆಯದಕ್ಕೆ 10 ಮಿಲಿಆಂಪಿಯರ್ ಬೇಕಾದ್ದರಿಂದ 680 ಓಮ್‌ನ ಬದಲು 330 ಓಮ್ ಹಾಕಬೇಕು. ಟ್ರಾನ್ಸ್‌ಫಾರ್ಮರ್, ಗೇಟ್ ರೆಸಿಸ್ಟರ್, ಫ್ಯೂಸ್ ಇವೂ ಬದಲಾಗಬೇಕು. ಮೇನ್ಸಿನ ಅಡ್ಡಕ್ಕೆ ಎಕ್ಸ್2 ದರ್ಜೆಯ ಕೆಪಾಸಿಟರನ್ನೇ ಹಾಕಬೇಕು. ಅರ್ಧಾವರ್ತವನ್ನು 8.33 ಮಿಲಿಸೆಕೆಂಡ್ ಎಂದೇ ನಂಬಿದ ಪ್ರೋಗ್ರಾಮಿದ್ದರೆ 50 ಹರ್ಟ್ಸ್‌ಗೆ ತಿದ್ದಬೇಕು.

ಟ್ರಯಾಕ್ ಬೋರ್ಡಿನ ಅರ್ಧಭಾಗದಲ್ಲಿ ಮೇನ್ಸ್ ಬಯಲಾಗಿರುತ್ತದೆ. ಚಾನೆಲ್ ಆರಿದ್ದರೂ ಫೇಸ್ ಅಲ್ಲಿಯೇ ಇರುತ್ತದೆ. ಬೋರ್ಡನ್ನು ಮುಟ್ಟುವ ಮೊದಲು ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಳಚಬೇಕು. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರುವ ಸಾಲಿನಿಂದಲೇ ವಿದ್ಯುತ್ ಪಡೆಯಬೇಕು. ಬೋರ್ಡು ಮಳೆ ತಾಗದ ಪೆಟ್ಟಿಗೆಯಲ್ಲಿರಬೇಕು. ಪೆಟ್ಟಿಗೆ ಲೋಹದ್ದಾದರೆ ಅದಕ್ಕೆ ಅರ್ಥ್ ಕೊಡಬೇಕು. ಎಲ್ಲ ಚಾನೆಲ್‌ಗಳು ಒಟ್ಟಿಗೆ ಹೊತ್ತಿದಾಗಿನ ಪ್ರವಾಹ ಬೋರ್ಡಿನ ಫ್ಯೂಸಿನೊಳಗೇ ಇರಬೇಕು. ಫ್ಯೂಸ್ ಮತ್ತೆ ಮತ್ತೆ ಹೋಗುತ್ತದೆಂದು ದಪ್ಪ ತಂತಿ ಸುತ್ತುವುದು ಬೆಂಕಿಗೆ ಆಹ್ವಾನ.

ಪಿಕ್ಸೆಲ್ ನಿಯಂತ್ರಕಗಳು

ಡಬ್ಲ್ಯುಎಸ್2811, ಡಬ್ಲ್ಯುಎಸ್2812 ಬಗೆಯ ಚಿಪ್‌ಗಳು ಬಂದ ಮೇಲೆ ಪ್ರತಿಯೊಂದು ಎಲ್‌ಇಡಿಯ ಬಣ್ಣವನ್ನೂ ಬೇರೆಯಾಗಿ ನಿಯಂತ್ರಿಸುವ ಪಿಕ್ಸೆಲ್ ಸರಗಳು ಟ್ರಯಾಕಿನ ಜಾಗಕ್ಕೆ ಬರತೊಡಗಿದವು. ಇವು 5 ಅಥವಾ 12 ವೋಲ್ಟ್ ಡಿಸಿಯಲ್ಲಿ ನಡೆಯುತ್ತವೆ. ಪ್ರತಿ ಪಿಕ್ಸೆಲ್ 24 ಬಿಟ್‌ಗಳನ್ನು ತಾನಿಟ್ಟುಕೊಂಡು ಉಳಿದದ್ದನ್ನು ಮುಂದೂಡುತ್ತದೆ. ರೆನಾರ್ಡಿನ ಸರಪಳಿ ತತ್ತ್ವವೇ ಇಲ್ಲಿ ದೀಪದೊಳಕ್ಕೆ ಇಳಿದಿದೆ. 2009ರ ಇ1.31 ಮಾನಕದಿಂದ ಡಿಎಂಎಕ್ಸ್ ಸೂಚನೆಗಳು ಈಥರ್ನೆಟ್ ಜಾಲದ ಮೇಲೂ ಸಾಗಬಲ್ಲವು; 512 ಚಾನೆಲ್‌ಗಳ ಒಂದು ಕಂತಿನಲ್ಲಿ 170 ಪಿಕ್ಸೆಲ್‌ಗಳಿಗೆ ಸೂಚನೆ ಕೊಡಬಹುದು. ಇಎಸ್‌ಪಿ8266, ಇಎಸ್‌ಪಿ32 ಬೋರ್ಡುಗಳಲ್ಲಿ ಡಬ್ಲ್ಯುಎಲ್‌ಇಡಿ ಎಂಬ ಉಚಿತ ಪ್ರೋಗ್ರಾಮ್ ಹಾಕಿ ವೈಫೈ ಮೂಲಕ ನಡೆಸುವುದು ಈಗ ಸಾಮಾನ್ಯ.

ಇಲ್ಲಿನ ದೋಷಗಳು ಬೇರೆ ಬಗೆಯವು. ಪೂರ್ತಿ ಬಿಳಿಯಲ್ಲಿ 5 ವೋಲ್ಟಿನ ಒಂದು ಪಿಕ್ಸೆಲ್ ಸುಮಾರು 60 ಮಿಲಿಆಂಪಿಯರ್ ಎಳೆಯುತ್ತದೆ. ನೂರಕ್ಕೆ 6 ಆಂಪಿಯರ್. ತೆಳು ತಂತಿಯಲ್ಲಿ ವೋಲ್ಟೇಜ್ ಇಳಿದು ಸರದ ಕೊನೆಯಲ್ಲಿ ಬಿಳಿ ಬಣ್ಣ ಕೆಂಪಾಗಿ ತೋರುತ್ತದೆ. ನಡುವೆ ಮತ್ತು ಕೊನೆಯಲ್ಲೂ ವಿದ್ಯುತ್ ಕೊಡುವುದು ಪರಿಹಾರ. ಮೊದಲ ಪಿಕ್ಸೆಲ್ಲಿನಿಂದಲೇ ಬಣ್ಣ ಚೆಲ್ಲಾಪಿಲ್ಲಿಯಾದರೆ 3.3 ವೋಲ್ಟಿನ ಸಂಕೇತ ಸಾಲುತ್ತಿಲ್ಲ ಎಂದು ತಿಳಿಯಬೇಕು. 5 ವೋಲ್ಟಿನ ಚಿಪ್ಪು ಕನಿಷ್ಠ 3.5 ವೋಲ್ಟನ್ನು ನಿರೀಕ್ಷಿಸುತ್ತದೆ. ನಡುವೆ 74ಎಎಚ್‌ಸಿಟಿ125ರಂಥ ಐಸಿ ಬೇಕು. ನಿಯಂತ್ರಕ ಮತ್ತು ಸರದ ಗ್ರೌಂಡ್ ಒಂದಾಗಿರಲೇಬೇಕು. ಸರ ನಡುವೆ ನಿಂತಿದ್ದರೆ ದೋಷ ಕೊನೆಯದಾಗಿ ಬೆಳಗಿದ ಪಿಕ್ಸೆಲ್ಲಿನಲ್ಲೋ ಅದರ ಮುಂದಿನದರಲ್ಲೋ ಇರುತ್ತದೆ.

ಟ್ರಯಾಕ್ ಬೋರ್ಡುಗಳು ತಂತುಬಲ್ಬಿನ ಸರಗಳಿರುವಲ್ಲಿ ಇಂದಿಗೂ ಉಪಯುಕ್ತ. ಹೊಸದಾಗಿ ಕಲಿಯುವವರಿಗೆ ಮಾತ್ರ ಕಡಿಮೆ ವೋಲ್ಟಿನ ಪಿಕ್ಸೆಲ್ ಬೋರ್ಡೇ ತಕ್ಕದ್ದು. ಬೆಸುಗೆಯ ಹದ, ಮಲ್ಟಿಮೀಟರಿನ ಬಳಕೆ, ವಿಭಾಗವಾರು ಪರೀಕ್ಷೆ ಅಲ್ಲಿ ರೂಢಿಯಾದ ಮೇಲೆ, ಮೇನ್ಸ್ ಬಲ್ಲವರ ಸಮ್ಮುಖದಲ್ಲಿ 230 ವೋಲ್ಟಿನ ಬೋರ್ಡಿಗೆ ಕೈಹಾಕಬೇಕು.